ಅರ್ಧ ಶಟರಿನ ವೈನ್ ಶಾಪ್: ನನ್ನ ಅನುಭವ

"ಶೆಟ್ರೇ, ನಿಮ್ಮ ಪರ್ಮಿಟ್ ರೂಮಿನ ಫೈಲೂ ಅದೇ ಮೇಜಿನ ಮೇಲೆ ಇರ್ತದೆ, ನೆನಪಿರಲಿ." ಗಲ್ಲಿಯ ವೈನ್ ಶಾಪಿನ ಮೇಲೆ ದೂರು ಕೊಡುತ್ತೇನೆ ಎಂದಾಗ ನಮ್ಮ ಹೋಟೆಲ್ ಬಳಗದವರೆಲ್ಲ ಹೇಳಿದ್ದು ಇದನ್ನೇ. ಅವರ ಭಯ ಸುಳ್ಳಲ್ಲ, ನನ್ನ ಹೋಟೆಲಿನ ಬಾರ್ (ಪರ್ಮಿಟ್ ರೂಮ್) ಲೈಸೆನ್ಸೂ ಅದೇ ಅಬಕಾರಿ ಇಲಾಖೆಯ ಕೈಯಲ್ಲಿದೆ. ಆದರೂ ಮಾಡಿದೆ. ಮೊದಲ ಅರ್ಜಿಯಿಂದ ಆದೇಶದ ತನಕ ಸುಮಾರು 19 ತಿಂಗಳು ಹಿಡಿಯಿತು. ಈಗ ಅವರಲ್ಲೇ ಮೂರು ಜನ ಹೇಗೆ ಮಾಡಿದಿರಿ ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಹೋಟೆಲ್ ಇರುವುದು ಮುಂಬೈಯ ಘಾಟ್ಕೋಪರ್ ಮತ್ತು ಮುಲುಂಡ್ ನಡುವಿನ ಒಂದು ಸ್ಟೇಷನ್ ಹತ್ತಿರ. ವೈನ್ ಶಾಪಿನ ಪಕ್ಕದ ಗಲ್ಲಿಯಲ್ಲೇ ನಮ್ಮ ಹುಡುಗರು ರೂಮಿಗೆ ಹೋಗಬೇಕು. ಮೊಬೈಲ್ ಕಿತ್ತುಕೊಂಡು ಓಡುವುದು, ಹೊಡೆದಾಟ, ಹೆಂಗಸರಿಗೆ ಕೆಟ್ಟ ಮಾತು, ಇವೆಲ್ಲ ವರ್ಷಗಳಿಂದ ಇದ್ದವು. 2024ರ ಫೆಬ್ರವರಿಯಲ್ಲಿ ಒಂದು ರಾತ್ರಿ ನಮ್ಮ ಕೌಂಟರ್ ಹುಡುಗ, ಕುಂದಾಪುರ ಕಡೆಯವ, ಎಡಗೈಗೆ ಟವೆಲ್ ಸುತ್ತಿಕೊಂಡು ವಾಪಸ್ ಬಂದ. ಟವೆಲ್ ಪೂರ್ತಿ ಕೆಂಪಾಗಿತ್ತು. ಫೋನ್ ಕೊಡಲಿಲ್ಲ ಅಂತ ಒಡೆದ ಬಾಟ್ಲಿಯಿಂದ ಗೀರಿದ್ದರು. 9 ಹೊಲಿಗೆ. ಅವನ ಅಮ್ಮನಿಗೆ ಫೋನಿನಲ್ಲಿ ಹೇಳಬೇಕಾದವ ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ತಪ್ಪು: ಸಹಿ ಸಂಗ್ರಹಕ್ಕೆ ಹೋದದ್ದು. ಅಂಗಡಿ ಮುಚ್ಚಿಸಲು ಮಹಾರಾಷ್ಟ್ರ ಸರ್ಕಾರದ 2008ರ ಆದೇಶ ಒಂದಿದೆ. ವಾರ್ಡಿನ ಮಹಿಳಾ ಮತದಾರರಲ್ಲಿ ಕಾಲು ಭಾಗ ಸಹಿ ಹಾಕಿದರೆ ಮುಂದೆ ಮತದಾನ, ನಿಂತ ಬಾಟ್ಲಿಯೋ (ಅಂಗಡಿ ಇರಲಿ) ಮಲಗಿದ ಬಾಟ್ಲಿಯೋ (ಮುಚ್ಚಲಿ) ಅಂತ. ಹಳ್ಳಿಯಲ್ಲಿ ಅದು ಆಗುತ್ತದೆ. ಮುಂಬೈ ವಾರ್ಡಿನಲ್ಲಿ ಕಾಲು ಭಾಗ ಅಂದರೆ ಐದು ಸಾವಿರದ ಮೇಲೆ. ನಮಗೆ ಸಿಕ್ಕಿದ್ದು ಮೂರು ಸಾವಿರ ಚಿಲ್ಲರೆ. ಅದರಲ್ಲೂ ಪಟ್ಟಿಗೆ ಹೊಂದಿದ್ದು ಅರ್ಧ. ಚಾಳು ಒಡೆದು ಟವರ್ ಕಟ್ಟಿದ್ದಾರೆ, ಪಟ್ಟಿಯಲ್ಲಿ ಹೆಸರಿರುವವರು ದೂರದ ಬದ್ಲಾಪುರದಲ್ಲಿ ಇದ್ದಾರೆ, ಇಲ್ಲಿರುವವರ ಹೆಸರು ಪಟ್ಟಿಯಲ್ಲಿಲ್ಲ. ಜೆರಾಕ್ಸ್, ಹುಡುಗರ ದಿನಗೂಲಿ, ಚಹಾ ಸೇರಿ 22 ಸಾವಿರ ನೀರಿಗೆ ಹೋಯಿತು.

ಎರಡನೆಯದು ಇದಕ್ಕಿಂತ ಬೇಸರದ್ದು. ಲಿಖಿತ ದೂರು ಕೊಟ್ಟೆ, ತಪಾಸಣೆ ಆಯಿತು, ತಪ್ಪು ಸಿಕ್ಕಿತು. ಅಂಗಡಿ ಮಾಲೀಕ ಮಹಾರಾಷ್ಟ್ರ ಮದ್ಯನಿಷೇಧ ಕಾಯ್ದೆಯ ಸೆಕ್ಷನ್ 104ರಲ್ಲಿ (ದುಡ್ಡು ಕಟ್ಟಿ ಕೇಸ್ ಮುಗಿಸಿಕೊಳ್ಳುವ ದಾರಿ) ದುಡ್ಡು ಕಟ್ಟಿದ, ಮರುದಿನ ಅಂಗಡಿ ತೆರೆದ. ನಾನು ಮೂರ್ನಾಲ್ಕು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಹೊಳೆಯಿತು, ಆ ರಸೀದಿಯೇ ಅವನ ತಪ್ಪೊಪ್ಪಿಗೆ ಅಲ್ವಾ! ಆರ್‌ಟಿಐ ಹಾಕಿ ಆ ಆದೇಶದ ನಕಲು ತೆಗೆದುಕೊಂಡೆ. ಮೊದಲ ಆರ್‌ಟಿಐ ವಾಪಸ್ ಬಂದಿತ್ತು. ಒಂದೇ ಅರ್ಜಿಯಲ್ಲಿ ಮೂರು ವಿಷಯ ಕೇಳಿದ್ದೆ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗೆ. ಹತ್ತು ರೂಪಾಯಿ ಸ್ಟಾಂಪಿನ ಮುಖ ನೋಡಬೇಡಿ, ಮೂರು ಬೇರೆ ಬೇರೆ ಹಾಕಿ.

ಅಲ್ಲಿಂದ ದಾರಿ ಬದಲಾಯಿಸಿದೆ. ಕುಡಿತ ಕೆಟ್ಟದ್ದು, ಗಲ್ಲಿ ಹಾಳಾಗಿದೆ ಅಂತ ಒಂದು ಸಾಲೂ ಬರೆಯಲಿಲ್ಲ. ನಾನೇ ಎಫ್‌ಎಲ್-3 (ಬಾರಿನ ಲೈಸೆನ್ಸ್) ನಡೆಸುವವನು, ಆ ಮಾತು ನನ್ನ ಬಾಯಲ್ಲಿ ನಿಲ್ಲುವುದೂ ಇಲ್ಲ. ಎಫ್‌ಎಲ್-2ದವನು, ಅಂದರೆ ವೈನ್ ಶಾಪಿನವನು, ಸೀಲ್ ಬಾಟ್ಲಿ ಮಾರಬೇಕು, ಅಷ್ಟೇ. ಅವನ ಹುಡುಗ ಹಿಂದಿನ ಅರ್ಧ ಶಟರಿನಿಂದ ಹತ್ತೂವರೆ ದಾಟಿದ ಮೇಲೂ ಕ್ವಾರ್ಟರ್ ಕೊಡುತ್ತಿದ್ದ, ಜೊತೆಗೆ ಪ್ಲಾಸ್ಟಿಕ್ ಗ್ಲಾಸ್. ಮುಚ್ಚಳವನ್ನೂ ಅವನೇ ತಿರುಪಿ ಕೊಡುತ್ತಿದ್ದ. ಪಕ್ಕದಲ್ಲೇ ಚಕಣಾ (ಕುಡಿತದ ಜೊತೆಯ ತಿಂಡಿ) ಗಾಡಿ. ಗಲ್ಲಿಯ ಗಲಾಟೆ ಹುಟ್ಟುವುದು ಆ ಗ್ಲಾಸಿನಿಂದ. ಲೈಸೆನ್ಸಿನ ಷರತ್ತನ್ನು ಮಾಲೀಕನೋ ಅವನ ನೌಕರನೋ ಮುರಿದರೆ ಅದೇ ಕಾಯ್ದೆಯ ಸೆಕ್ಷನ್ 54ರಲ್ಲಿ ಲೈಸೆನ್ಸ್ ಸಸ್ಪೆಂಡ್ ಅಥವಾ ರದ್ದು ಮಾಡಬಹುದು. ನನಗೆ ಬೇಕಾಗಿದ್ದು ಅಷ್ಟೇ.

ರಾತ್ರಿ 11.40ಕ್ಕೆ ನಾನೇ ಹೋಗಿ ಕ್ವಾರ್ಟರ್ ತೆಗೆದುಕೊಂಡೆ, ಮದ್ಯ ಕೊಳ್ಳುವ ನನ್ನ ಪರ್ಮಿಟ್ ಜೇಬಿನಲ್ಲೇ ಇತ್ತು. ಯುಪಿಐಯಲ್ಲಿ ದುಡ್ಡು ಕಟ್ಟಿದೆ. ಸಮಯ, ಹೆಸರು ಎರಡೂ ಬಂತು. ಖುಷಿಯಾದೆ. ಆದರೆ ಕ್ಯೂಆರ್ ಅಂಗಡಿಯ ಹೆಸರಿನಲ್ಲಿ ಇರಲಿಲ್ಲ, ಹುಡುಗನ ಹೆಸರಿನಲ್ಲಿತ್ತು. "ಅವನು ನಮ್ಮವನೇ ಅಲ್ಲ" ಎಂದರು ಅಂಗಡಿಯವರು. ಆಗ ನೆನಪಾಯಿತು ನೌಕರನಾಮಾ, ಅಂದರೆ ಲೈಸೆನ್ಸ್ ಇರುವ ಜಾಗದ ನೌಕರರ ಹೆಸರು ಇಲಾಖೆಯಲ್ಲಿ ದಾಖಲಿಸುವ ಪತ್ರ. ನಮ್ಮ ವೇಟರ್‌ಗಳಿಗೆ ನಾವು ಮಾಡಿಸುವುದಿಲ್ವಾ, ಅದೇ. ಅವರ ನೌಕರನಾಮಾ ತರಿಸಿ ನೋಡಿ ಅಂತ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದೆ. ಹೆಸರು ಅಲ್ಲಿತ್ತು. ಹೊರಗಿನವರಿಗೆ ಇದು ಹೊಳೆಯುತ್ತಿರಲಿಲ್ಲ, ಈ ಧಂದೆಯಲ್ಲಿ 26 ವರ್ಷ ಇದ್ದದ್ದಕ್ಕೆ ಹೊಳೆಯಿತು. ಹಿಂದಿನ ಶಟರಿನ ವಿಡಿಯೋ ಯಾವ ಜಾಗದಿಂದ ತೆಗೆದೆವು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಾಗ ಹೇಳುತ್ತೇನೆ.

ಗಲ್ಲಿಗೂ ಅಂಗಡಿಗೂ ಸಂಬಂಧ ತೋರಿಸುವುದು ಇನ್ನೊಂದು ಕೆಲಸ. ಎಫ್‌ಐಆರ್‌ಗಳು ಪೊಲೀಸರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಎನ್‌ಸಿಗಳಿಗೆ (ಎಫ್‌ಐಆರ್ ಆಗದ ಸಣ್ಣ ದೂರುಗಳು) ಆರ್‌ಟಿಐ. ಜೊತೆಗೆ ನಮ್ಮ ವಾಚ್‌ಮನ್ನಿಗೆ ಒಂದು ನೋಟ್‌ಬುಕ್ ಕೊಟ್ಟೆ. ದಿನಾ ಬೆಳಿಗ್ಗೆ ಕಸ ಗುಡಿಸುವ ಮೊದಲು ಗ್ಲಾಸ್ ಎಣಿಸಿ ಬರೆ ಅಂತ. ಮೊದಲು ಎಲ್ಲರೂ ನಕ್ಕರು. ಶನಿವಾರ ಬೆಳಿಗ್ಗೆ 140ರ ಹತ್ತಿರ, ಮಂಗಳವಾರ 60. ಆಮೇಲೆ ವಿಧಾನಸಭಾ ಚುನಾವಣೆ ಬಂತು. ನವೆಂಬರ್ 20ರ ಮತದಾನಕ್ಕೆ ಎರಡು ದಿನ ಮೊದಲೇ ಡ್ರೈ, ಮದ್ಯ ಮಾರಾಟ ಬಂದ್. 19ರ ಬೆಳಿಗ್ಗೆ 30, 20ರ ಬೆಳಿಗ್ಗೆ 4, 21ಕ್ಕೆ ಮತ್ತೆ 120 ಇರಬೇಕು. ಆ ಎರಡು ರಾತ್ರಿ ಗಲ್ಲಿಯಿಂದ ಒಂದು ಎನ್‌ಸಿಯೂ ಇಲ್ಲ. ವಿಚಾರಣೆಯಲ್ಲಿ ಸಾಹೇಬರು ಆ ಒಂದು ಪುಟವನ್ನು ಎರಡು ಸಲ ಓದಿದರು.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಗಲ್ಲಿಗೆ ನನ್ನ ಖರ್ಚಿನಲ್ಲಿ ದೊಡ್ಡ ಎಲ್‌ಇಡಿ ಲೈಟ್, 3,500. ಕುಡಿಯುವವರು 30 ಅಡಿ ಆಚೆ ಕತ್ತಲಿಗೆ ಸರಿದರು, ಅಷ್ಟೇ. ಆದರೆ ಕ್ಯಾಮೆರಾಕ್ಕೆ ಮುಖ ಚೆನ್ನಾಗಿ ಬಿತ್ತು, ಅದು ಉಪಯೋಗಕ್ಕೆ ಬಂತು.

ಬಾಂದ್ರಾ ಕಲೆಕ್ಟರ್ ಕಚೇರಿಯಲ್ಲಿ ವಿಚಾರಣೆಗೆ ನಾಲ್ಕು ತಾರೀಕು. ಅವರ ವಕೀಲರು ಎದ್ದು, ಇವರದ್ದೇ ಬಾರ್ ಇದೆ, ಇದು ಧಂದೆಯ ದ್ವೇಷ ಎಂದರು. ನಾನು ನನ್ನ ಲೈಸೆನ್ಸ್ ಮೇಜಿನ ಮೇಲಿಟ್ಟು, ಮೊದಲು ನನ್ನದೇ ತಪಾಸಣೆ ಮಾಡಿ ಎಂದೆ. ಮಾಡಿದರು. ರಿಜಿಸ್ಟರ್ ಎರಡು ದಿನ ಹಿಂದಿತ್ತು, ಅದಕ್ಕೆ ದಂಡ ಕಟ್ಟಿದೆ. ಆ ದಿನದಿಂದ ದ್ವೇಷದ ಮಾತು ನಿಂತಿತು. ದೂರು ಕೊಡುವ ಮೊದಲು ನಿಮ್ಮ ರಿಜಿಸ್ಟರ್ ಸರಿ ಮಾಡಿಕೊಳ್ಳಿ.

ಖರ್ಚು: ವಕೀಲರಿಗೆ 18 ಸಾವಿರ, ಕ್ಯಾಮೆರಾ 11 ಸಾವಿರ, ನೋಟರಿ, ಜೆರಾಕ್ಸ್ ನಾಲ್ಕೈದು. ಸಹಿಯ 22, ಲೈಟಿನ ಮೂರೂವರೆ ಸೇರಿಸಿದರೆ 60 ಸಾವಿರದ ಹತ್ತಿರ. ನನ್ನ ದಂಡ ಬೇರೆ.

ಲೈಸೆನ್ಸ್ ರದ್ದಾಗಲಿಲ್ಲ. ನಾನು ಅದನ್ನು ಹಟ ಹಿಡಿದು ಕೇಳಲೂ ಇಲ್ಲ. 1970ರ ದಶಕದಿಂದ ಇಲ್ಲಿ ಹೊಸ ವೈನ್ ಶಾಪ್ ಲೈಸೆನ್ಸ್ ಕೊಟ್ಟಿರಲಿಲ್ಲ, ಅದರ ಬೆಲೆ ಕೋಟಿಗಳಲ್ಲಿತ್ತು. ಕಳೆದುಕೊಳ್ಳುವ ಭಯ ಬಂದರೆ ಮಾಲೀಕ ತಾನಾಗಿ ದಾರಿಗೆ ಬರುತ್ತಾನೆ ಅನ್ನುವುದು ನನ್ನ ಲೆಕ್ಕ. ಈ ಸಲ ದುಡ್ಡು ಕಟ್ಟಿ ಬಿಡಿಸಿಕೊಳ್ಳಲು ಬಿಡಬೇಡಿ ಅಂತ ಮಾತ್ರ ಕೇಳಿದ್ದೆ. 30 ದಿನ ಸಸ್ಪೆಂಡ್ ಆಯಿತು. ಹಿಂದಿನ ಶಟರಿಗೆ ಮಾಲೀಕನೇ ಇಟ್ಟಿಗೆ ಕಟ್ಟಿಸಿದ. ಆ ಹುಡುಗನನ್ನೂ ಕೆಲಸದಿಂದ ತೆಗೆದ.

ಅಂಗಡಿ ಮತ್ತೆ ತೆರೆದ ಮೊದಲ ಶನಿವಾರ ವಾಚ್‌ಮನ್ ನೋಟ್‌ಬುಕ್ ತಂದು ತೋರಿಸಿದ. 11 ಗ್ಲಾಸ್. ಕೌಂಟರ್ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ, ಎಡಗೈಯ ಕಿರುಬೆರಳು ಪೂರ್ತಿ ಮಡಚುವುದಿಲ್ಲ. ರಾತ್ರಿ ಅದೇ ಗಲ್ಲಿಯಲ್ಲಿ ರೂಮಿಗೆ ಹೋಗುತ್ತಾನೆ. ರೂಮು ಮುಟ್ಟಿದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾನೆ.