ಊರು ಬೆಳೆಯಿತು, ರಿಜಿಸ್ಟರ್ ಬೆಳೆಯಲಿಲ್ಲ

ಕೋಲಾರ ತಾಲ್ಲೂಕಿನ ನರಸಾಪುರ–ವೇಮಗಲ್ ಕೈಗಾರಿಕಾ ಪ್ರದೇಶದ ಆಸುಪಾಸಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಇಲಾಖೆಯಲ್ಲಿ ಸಿಎಚ್‌ಒ ಅಂತಾರೆ, ಊರವರಿಗೆ ನಾನು ‘ಸಿಸ್ಟರು’. ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಮಾಡಿ ಬಂದವಳು. ಹುಟ್ಟೂರು ವಿಜಯಪುರದ ಕಡೆ. ಇಲ್ಲಿ ಅರ್ಧ ಊರು ಮನೆಯಲ್ಲಿ ತೆಲುಗು ಆಡುತ್ತದೆ, ಈಗ ಕಾಲು ಊರು ಹಿಂದಿ, ಒಡಿಯಾನೂ ಆಡುತ್ತದೆ.

ಮೊದಲು ಉಪಕೇಂದ್ರ ಅಂದರೆ ಬಸುರಿ, ಬಾಣಂತಿ, ಮಕ್ಕಳ ಲಸಿಕೆ, ಕುಟುಂಬ ಯೋಜನೆ. ಅಷ್ಟೇ. 2018ರಲ್ಲಿ ಆಯುಷ್ಮಾನ್ ಭಾರತ ಬಂದ ಮೇಲೆ ಇವನ್ನೇ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡಿದರು. ಆಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರಾಯಿತು. ಗೋಡೆಗೆ ಹೊಸ ಬಣ್ಣ, ಬಾಗಿಲ ಪಕ್ಕ 12 ಸೇವೆಗಳ ಪಟ್ಟಿ: ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಯಿಂದ ಹಿಡಿದು ಕಣ್ಣು, ಹಲ್ಲು, ಮಾನಸಿಕ ಆರೋಗ್ಯ, ವಯಸ್ಸಾದವರ ಆರೈಕೆ, ತುರ್ತು ಚಿಕಿತ್ಸೆವರೆಗೆ. ಪಟ್ಟಿ ಬರೆಸುವುದು ಪೇಂಟರ್‌ನ ಒಂದು ದಿನದ ಕೆಲಸ. ಆ 12 ಸೇವೆ ಯಾರಿಗೆ, ಎಷ್ಟು ಜನಕ್ಕೆ ಅನ್ನುವುದಕ್ಕೆ ಮಾತ್ರ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಸರ್ಕಾರಿ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸುಮಾರು ಸಾವಿರ ಜನಕ್ಕೊಬ್ಬ ಆಶಾ. ಈ ಲೆಕ್ಕಕ್ಕೆಲ್ಲ ಬುಡ 2011ರ ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಈ ಭಾಗದಲ್ಲಿ ಕಾರ್ಖಾನೆಗಳು ಜೋರಾಗಿ ಬಂದದ್ದೇ 2011ರ ನಂತರ. ಅಂದರೆ ಟೊಮೆಟೊ, ರೇಷ್ಮೆ, ಹಾಲು ಅಂತಿದ್ದ ಊರಿನ ಲೆಕ್ಕಕ್ಕೆ ಬರುವ ಮಾತ್ರೆಯಲ್ಲಿ, ಬೀದಿಗೆರಡು ಪಿಜಿ ಇರುವ ಊರನ್ನು ನಾವು ನೋಡಿಕೊಳ್ಳಬೇಕು.

ಆಶಾ ಅಕ್ಕಂದಿರು ಮತ್ತು ನಮ್ಮ ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿ (ಹಿಂದೆ ಎಎನ್‌ಎಂ ಅಂತಿದ್ದವರು) ಜೊತೆ ಕೂತು ರಿಜಿಸ್ಟರುಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ವಿಷಯ ಬಿಚ್ಚಿಕೊಂಡಿತು. ಅರ್ಹ ದಂಪತಿಗಳ ರಿಜಿಸ್ಟರ್, ಅದರಲ್ಲಿ ಮದುವೆಯಾದವರು. ತಾಯಿ ಕಾರ್ಡಿನದು, ಬಸುರಿ ಬಾಣಂತಿಯರು. ಹದಿಹರೆಯದವರ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ. ಬಿಪಿ, ಶುಗರ್ ತಪಾಸಣೆಯ ಸಿಬ್ಯಾಕ್ ಫಾರಂ 30 ದಾಟಿದವರಿಗೆ. ಹಾಗಾದರೆ ಪಿಜಿಯಲ್ಲಿರುವ, ಮದುವೆಯಾಗದ, 22 ವರ್ಷದ ಹುಡುಗಿ ಎಲ್ಲಿ? ಎಲ್ಲೂ ಇಲ್ಲ. ಅವಳ ಹೆಸರು ಬರೆಯಲು ಒಂದು ಕಾಲಂ ಕೂಡ ಇಲ್ಲ. ಈಗ ನಮ್ಮ ಊರಲ್ಲಿ ಅತಿ ಹೆಚ್ಚು ಇರುವವರೇ ಅವರು: ಜಾರ್ಖಂಡ್, ಒಡಿಶಾ, ಬಿಹಾರದವರು, ನಮ್ಮದೇ ರಾಯಚೂರು, ಕಲಬುರಗಿ ಕಡೆಯವರು.

ಅದಕ್ಕೆ ಕಟ್ಟಡ, ಹುದ್ದೆ ಅಂತ ಅರ್ಜಿ ಹಿಡಿದು ಓಡಾಡುವ ಮೊದಲು ತಲೆ ಎಣಿಸುವುದಕ್ಕೆ ಇಳಿದೆವು. ಮಾಮೂಲಿ ಸಮೀಕ್ಷೆ ಹಗಲಲ್ಲಿ ನಡೆಯುತ್ತದೆ, ಹಗಲಲ್ಲಿ ಪಿಜಿಗೆ ಬೀಗ ಇಲ್ಲವೇ ರಾತ್ರಿ ಪಾಳಿ ಮುಗಿಸಿ ಮಲಗಿದವರ ಗೊರಕೆ. ಹಾಗಾಗಿ ಮನೆಮನೆಗೆ ಹೋಗುವುದು ಬಿಟ್ಟು ಮಾಲೀಕರನ್ನು ಹಿಡಿದೆವು. ಆಶಾ ಅಕ್ಕನೇ ಉಪಾಯ ಹೇಳಿದ್ದು: “ಬಾಡಿಗೆ ಕಟ್ಟಿಸಿಕೊಳ್ಳೋರಿಗೆ ತಲೆ ಲೆಕ್ಕ ತಪ್ಪಲ್ಲ ಬಿಡಿ.” ನಿಜ. ಮಾಲೀಕರ ನೋಟ್‌ಬುಕ್ಕಿನಲ್ಲಿ ಹೆಸರು, ರೂಮು, ಊರು, ಬಂದ ದಿನಾಂಕ ಎಲ್ಲ ಇತ್ತು. ಕೆಲವರು ಟ್ಯಾಕ್ಸ್ ಬೀಳುತ್ತದೆಂದು ಹೆದರಿದರು. ಅವರಿಗೆ ಹೆಸರು ಬೇಡ, ವಯಸ್ಸು, ಹೆಣ್ಣೋ ಗಂಡೋ, ಯಾವ ಪಾಳಿ, ಇಷ್ಟು ಕೊಡಿ ಸಾಕು ಅಂದೆವು. ಕಟ್ಟಡ ಕೆಲಸದವರ ಶೆಡ್ಡುಗಳ ಲೆಕ್ಕ ಮೇಸ್ತ್ರಿಗಳಿಂದ ಸಿಕ್ಕಿತು.

ಆ ಪಟ್ಟಿಯನ್ನು ಜನ ಆರೋಗ್ಯ ಸಮಿತಿ ಸಭೆಗೆ ಇಟ್ಟೆ. ಈ ಸಮಿತಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಸಿಎಚ್‌ಒ ಸದಸ್ಯ ಕಾರ್ಯದರ್ಶಿ. ಅನೇಕ ಕಡೆ ಇದು ಸಹಿಗೆ ಸುತ್ತಾಡುವ ಒಂದು ಪುಸ್ತಕವಾಗಿ ಉಳಿದಿದೆ. ನಾನು ಹೇಳುವುದಿಷ್ಟು: ಉಪಕೇಂದ್ರದ ಕೈಯಲ್ಲಿರುವ ನಿಜವಾದ ಅಧಿಕಾರ ಅಂದರೆ ಈ ಸಮಿತಿಯ ಠರಾವು. ಬಾಯಲ್ಲಿ ನೂರು ಸಲ ಹೇಳಿದರೂ ಕದಲದ ಫೈಲು, ಸಮಿತಿಯ ಠರಾವು ಮತ್ತು ಪಂಚಾಯಿತಿ ಮೊಹರು ಹಚ್ಚಿದ ಜನಸಂಖ್ಯೆ ಪಟ್ಟಿ ಲಗತ್ತಿಸಿದ ಮೇಲೆ ಕದಲಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಅದನ್ನೇ ಆಧಾರವಾಗಿಟ್ಟು ಮಾತ್ರೆ, ಶುಗರ್ ನೋಡುವ ಸ್ಟ್ರಿಪ್, ಲಸಿಕೆಯ ಇಂಡೆಂಟ್ (ಬೇಡಿಕೆ ಪಟ್ಟಿ) ಹೆಚ್ಚಿಸಿದರು. ಪೂರ್ತಿ ಬರಲಿಲ್ಲ. ಆದರೆ ತಿಂಗಳ ಮೂರನೇ ವಾರಕ್ಕೆ ಬೀರು ಖಾಲಿ ಅನ್ನುವುದು ನಿಂತಿತು.

ಮುಂದಿನ ತೊಡಕು ಗಡಿಯಾರದ್ದು. ನಮ್ಮದು ಬೆಳಗ್ಗೆ 9ರಿಂದ ಸಂಜೆ ನಾಲ್ಕೂವರೆ. ಕಾರ್ಖಾನೆ ಪಾಳಿ 6ರಿಂದ 2, 2ರಿಂದ 10, ರಾತ್ರಿ 10ರಿಂದ 6. ಮೊದಲ ಪಾಳಿಯವರು ಬಸ್ಸಿಳಿದು ಉಂಡು ಮಲಗಿ ಏಳುವ ಹೊತ್ತಿಗೆ ನಾವು ಬಾಗಿಲು ಹಾಕಿರುತ್ತೇವೆ. ಆಗ ಅವರು ಹೋಗುವುದು ಮೆಡಿಕಲ್ ಶಾಪಿಗೆ. ವೈದ್ಯಾಧಿಕಾರಿಗಳ ಒಪ್ಪಿಗೆ ತೆಗೆದುಕೊಂಡು ವಾರಕ್ಕೆ ಎರಡು ದಿನ ಮಧ್ಯಾಹ್ನ ತಡವಾಗಿ ತೆರೆದು ಸಂಜೆ ಏಳರವರೆಗೆ ಕೂರುವಂತೆ ಮಾಡಿಕೊಂಡೆವು. ಹೆಚ್ಚು ಗಂಟೆ ದುಡಿಯಲಿಲ್ಲ, ಗಂಟೆ ಸರಿಸಿದೆವು. ಬೀದಿ ದೀಪ ಹಾಕಿಸಿದ್ದು ಪಂಚಾಯಿತಿ. ವರ್ಷಕ್ಕೆ ಬರುವ 50,000 ರೂಪಾಯಿ ಮುಕ್ತ ನಿಧಿಯಲ್ಲಿ ಯುಪಿಎಸ್ ಬ್ಯಾಟರಿ, ಪರದೆ, ಒಂದು ಬೆಂಚು ಬಂದವು. ಪರದೆ ಚಿಕ್ಕದು ಅನ್ನಿಸಬಹುದು. ಅದಿಲ್ಲದೆ ಯಾವ ಹೆಣ್ಣುಮಗಳೂ ಮುಟ್ಟಿನ ಸಮಸ್ಯೆ ಬಾಯಿ ಬಿಟ್ಟು ಹೇಳುವುದಿಲ್ಲ.

ಸಂಜೆ ಬರತೊಡಗಿದ ಹುಡುಗಿಯರದು ಹೆಚ್ಚುಕಡಿಮೆ ಒಂದೇ ಪಾಡು: ಸುಸ್ತು, ತಲೆಸುತ್ತು, ಉರಿಮೂತ್ರ, ಮುಟ್ಟಿನ ಏರುಪೇರು. ಉರಿಮೂತ್ರದ ಕಾರಣ ಕೇಳಿದರೆ ಬೆಳಗಿನ ಸಾಲು. ಹತ್ತು ಹನ್ನೆರಡು ಜನಕ್ಕೆ ಒಂದು ಬಚ್ಚಲು, ಐದಕ್ಕೆ ಬಸ್ಸು, ಆದ್ದರಿಂದ ರಾತ್ರಿಯಿಂದಲೇ ನೀರು ಕುಡಿಯದೆ ಇರುವುದು. ಇದಕ್ಕೆ ಮಾತ್ರೆ ಕೊಟ್ಟು ಕಳಿಸಿದರೆ ಮುಂದಿನ ತಿಂಗಳು ಅದೇ ಹುಡುಗಿ ಬರುತ್ತಾಳೆ. ಪಂಚಾಯಿತಿಯವರೂ ನಾವೂ ಕೂಡಿ ಮಾಲೀಕರ ಜೊತೆ ಮಾತಾಡಿ ಕೆಲವು ಕಡೆ ಶೌಚಾಲಯ ಹೆಚ್ಚಿಸಿದೆವು, ಕೆಲವು ಕಡೆ ಆಗಲಿಲ್ಲ.

ಹಿಮೋಗ್ಲೋಬಿನ್ ನೋಡಿದರೆ 9, 8.6, 10.2, ಹೀಗೇ. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ‘ಬಸುರಿಯರಿಗೆ ಬಂದ ಮಾತ್ರೆ ಇವರಿಗೆ ಹೇಗೆ ಕೊಡೋದು’ ಅಂತ ಮೇಲಿನಿಂದ ಪ್ರಶ್ನೆ ಬಂತು. ಅನೀಮಿಯ ಮುಕ್ತ ಭಾರತದ ಮಾರ್ಗಸೂಚಿ ತೆಗೆದು ತೋರಿಸಿದೆ: 20ರಿಂದ 49 ವರ್ಷದ, ಬಸುರಿಯಲ್ಲದ ಮಹಿಳೆಯರಿಗೂ ವಾರಕ್ಕೊಂದು ಕೆಂಪು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಹೀನತೆ ಇದ್ದವರಿಗೆ ದಿನಾ ಎರಡು. ನಿಯಮ ಮೊದಲಿಂದ ಇತ್ತು, ಕೇಳುವವರು ಇರಲಿಲ್ಲ. ಹೊಸದಾಗಿ ಸೇರಿದ ಸಿಎಚ್‌ಒಗಳಿಗೆ ನಾನು ಹೇಳುವುದು ಇದನ್ನೇ, ಹೊಸ ಸ್ಕೀಮು ಬರಲಿ ಅಂತ ಕಾಯಬೇಡಿ, ಇರುವ ಸ್ಕೀಮಿನ ಪಿಡಿಎಫ್ ಪೂರ್ತಿ ಓದಿ.

ಇನ್ನು ಹಳೇ ಊರಿನವರು. ಇವರ ರೋಗ ಬಿಪಿ ಮತ್ತು ಶುಗರ್. ಹೆಂಗಸರು ತಪಾಸಣೆಗೆ ಸಿಗುತ್ತಾರೆ, ಗಂಡಸರು ಸಿಗುವುದಿಲ್ಲ. ಜಮೀನು, ಮಾರ್ಕೆಟ್ಟು, ಈಗ ಬಾಡಿಗೆ ವಸೂಲಿ. ಗಂಡಸರು ತಪ್ಪದೆ ಬರುವ ಜಾಗ ಒಂದೇ, ಬೆಳಗಿನ ಹಾಲಿನ ಡೇರಿ. ಆರೂವರೆಗೆ ಡೇರಿ ಜಗಲಿಯ ಮೇಲೆ ಬಿಪಿ ಮೆಷಿನ್, ಗ್ಲುಕೋಮೀಟರ್ ಇಟ್ಟುಕೊಂಡು ಕೂತೆವು. ಇಲ್ಲೊಂದು ಸೂಕ್ಷ್ಮ ಇದೆ. ಹಾಲಿನ ಕ್ಯಾನ್ ಹೊತ್ತು ಬಂದ ಕೂಡಲೇ ನೋಡಿದರೆ ಬಿಪಿ ಹೆಚ್ಚೇ ಬರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಮಾತಾಡದೆ ಕೂರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ಡೇರಿ ಮುಂದೆ ಮಾತಾಡದೆ ಕೂರಿಸುವುದು ಎಷ್ಟು ಕಷ್ಟ ಅಂತ ಕೂರಿಸಿದವರಿಗೇ ಗೊತ್ತು, ಅಲ್ಲಿ ಫ್ಯಾಟು, ಡಿಗ್ರಿ, ಎಲೆಕ್ಷನ್ನು ಎಲ್ಲ ನಡೆಯುತ್ತಿರುತ್ತದೆ. ಆದ್ದರಿಂದ ಅಲ್ಲಿ 140/90 ದಾಟಿದ ಯಾರಿಗೂ ‘ನಿಮಗೆ ಬಿಪಿ ಇದೆ’ ಅನ್ನಲಿಲ್ಲ. ಚೀಟಿ ಬರೆದು ಕೊಟ್ಟು, ಇನ್ನೊಂದು ದಿನ ಕೇಂದ್ರಕ್ಕೆ ಬರಲು ಹೇಳಿದೆವು. ಶುಗರ್‌ಗೆ ಡೇರಿ ಬಹಳ ಅನುಕೂಲ, ಆ ಹೊತ್ತಿಗೆ ತಿಂಡಿ ಆಗಿರುವುದಿಲ್ಲ. ಕಾಫಿ ಆಗಿರುತ್ತದೆ, ಅದೂ ಎರಡು ಚಮಚ ಸಕ್ಕರೆಯದು. ಹಾಗಾಗಿ ಹಿಂದಿನ ಸಂಜೆ ಹಾಲು ಅಳೆಯುವಾಗಲೇ ಡೇರಿ ಕಾರ್ಯದರ್ಶಿ ಕೂಗಿ ಹೇಳುತ್ತಿದ್ದರು: ನಾಳೆ ಕಾಫಿ ಕುಡಿಯದೆ ಬನ್ನಿ.

ರೋಗ ಕಂಡುಹಿಡಿಯುವುದು ಸುಲಭದ ಅರ್ಧ. ವೈದ್ಯಾಧಿಕಾರಿಗಳು ನೋಡಿ ಆಮ್ಲೋಡಿಪಿನ್, ಮೆಟ್‌ಫಾರ್ಮಿನ್ ಶುರು ಮಾಡುತ್ತಾರೆ, ಆಮೇಲೆ ತಿಂಗಳು ತಿಂಗಳು ಮಾತ್ರೆ ಕೊಡುವುದು ನಮ್ಮ ಕೇಂದ್ರದಲ್ಲೇ. ಎರಡು ತಿಂಗಳು ತೆಗೆದುಕೊಂಡು ‘ಈಗ ಚೆನ್ನಾಗಿದೀನಿ’ ಅಂತ ಬಿಡುತ್ತಾರೆ. ಆ್ಯಪ್‌ನಲ್ಲಿ ಎಲ್ಲ ದಾಖಲಾಗುತ್ತದೆ, ಆದರೆ ಯಾರು ತಪ್ಪಿಸಿದರು ಅಂತ ಒಂದೇ ನೋಟಕ್ಕೆ ಕಾಣಲು ನನಗೆ ನೆರವಾದದ್ದು ಚಪ್ಪಲಿ ಅಂಗಡಿಯ ಖಾಲಿ ಡಬ್ಬಿಗಳು. ತಿಂಗಳಿಗೊಂದು ಡಬ್ಬಿ. ಒಬ್ಬರಿಗೊಂದು ಕಾರ್ಡು. ಬಂದು ಮಾತ್ರೆ ಒಯ್ದರೆ ಅವರ ಕಾರ್ಡು ಮುಂದಿನ ತಿಂಗಳ ಡಬ್ಬಿಗೆ ಹೋಗುತ್ತದೆ. ತಿಂಗಳ ಕೊನೆಗೆ ಹಳೇ ಡಬ್ಬಿಯಲ್ಲಿ ಉಳಿದ ಕಾರ್ಡುಗಳೇ ಬಾರದವರ ಪಟ್ಟಿ. ಅದನ್ನು ಬೀದಿವಾರು ಆಶಾ ಅಕ್ಕಂದಿರಿಗೆ ಹಂಚುತ್ತೇನೆ.

ಇ–ಸಂಜೀವಿನಿ ಟೆಲಿಮೆಡಿಸಿನ್‌ನಲ್ಲಿ (ವಿಡಿಯೊ ಕರೆಯಲ್ಲೇ ವೈದ್ಯರಿಗೆ ತೋರಿಸುವ ಸರ್ಕಾರಿ ಸೇವೆ) ಗುರಿ ಮುಟ್ಟಿಸಲು ಕರೆ ಮಾಡುವ ಅಭ್ಯಾಸ ಎಲ್ಲೆಡೆ ಇದೆ. ನೆಗಡಿಗೂ ಕರೆ, ಕೈನೋವಿಗೂ ಕರೆ. ನನ್ನ ಅನುಭವದಲ್ಲಿ ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಎರಡಕ್ಕೆ. ಒಂದು ಚರ್ಮರೋಗ. ಹುಳುಕಡ್ಡಿಗೆ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಿ ಮೈತುಂಬ ಹರಡಿಸಿಕೊಂಡು ಬರುತ್ತಾರೆ, ಫೋಟೊ ನೋಡಿದರೆ ತಜ್ಞರಿಗೆ ಸಾಕು. ಇನ್ನೊಂದು ಮಾನಸಿಕ ಆರೋಗ್ಯ. ನಿದ್ದೆ ಬರುವುದಿಲ್ಲ ಅಂತ ಬಂದ ಹುಡುಗನಿಗೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗು ಅಂದರೆ ಒಂದು ದಿನದ ಸಂಬಳ ಹೋಗುತ್ತದೆ. ಪರದೆ ಎಳೆದು, ಇಯರ್‌ಫೋನ್ ಕೊಟ್ಟು, ನಾನು ಹೊರಗೆ ಹೋಗುತ್ತೇನೆ. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯನ್ನು ಪಿಜಿಗಳ ಬಾಗಿಲ ಹಿಂದೆ ಅಂಟಿಸಿದ್ದೇವೆ, ಹಿಂದಿಯಲ್ಲೂ.

ಕ್ಷಯದ ಕೆಲಸ ಬೇರೆಯೇ. ಒಂದು ರೂಮಿನಲ್ಲಿ ಪಾಳಿ ಪ್ರಕಾರ ಮಲಗುವ ಕಡೆ ಒಬ್ಬನಿಗೆ ಬಂದರೆ ಜೊತೆಗಾರರನ್ನೆಲ್ಲ ನೋಡಬೇಕು. ಆರು ತಿಂಗಳ ಮಾತ್ರೆಯ ನಡುವೆ ಛಠ್ ಹಬ್ಬ ಬರುತ್ತದೆ, ಹುಡುಗರು ರೈಲು ಹತ್ತುತ್ತಾರೆ. ಅದಕ್ಕೆ ದೀಪಾವಳಿಗೆ ಮುಂಚೆಯೇ ಕೇಳಿ, ಮಾತ್ರೆ ಕೈಗೆ ಕೊಟ್ಟು, ನಿಕ್ಷಯ್ ನಂಬರನ್ನು (ಕ್ಷಯರೋಗಿಗಳ ಆನ್‌ಲೈನ್ ದಾಖಲೆಯ ಸಂಖ್ಯೆ) ಅವರ ಮೊಬೈಲಿನಲ್ಲೇ ಫೋಟೊ ತೆಗೆದಿಟ್ಟು ಕಳಿಸುತ್ತೇವೆ. ಅಲ್ಲಿನ ಕೇಂದ್ರಕ್ಕೆ ಆನ್‌ಲೈನಿನಲ್ಲೇ ವರ್ಗಾವಣೆ ಆಗುತ್ತದೆ. ಪೌಷ್ಟಿಕ ಆಹಾರಕ್ಕೆ ಬರುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆ ಊರಿನದಾದರೂ ತೊಂದರೆ ಇಲ್ಲ.

ಲಸಿಕೆ ಗುರುವಾರ. ಶೆಡ್ಡಿನ ಮಕ್ಕಳ ತಾಯಂದಿರ ಹತ್ತಿರ ಜಾರ್ಖಂಡಿನ ಕಾರ್ಡು ಇರುತ್ತದೆ ಅಥವಾ ಏನೂ ಇರುವುದಿಲ್ಲ. ದಡಾರ–ರುಬೆಲ್ಲಾ ಮತ್ತು ಬಿಸಿಜಿ ಬಾಟಲಿ ಒಮ್ಮೆ ಕರಗಿಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಎಸೆಯಬೇಕು. ಒಂದೇ ಮಗುವಿಗೆ ಬಾಟಲಿ ಒಡೆಯುವಾಗ ಕೈ ಹಿಂದೆಮುಂದೆ ನೋಡುತ್ತದೆ. ಮೇಸ್ತ್ರಿಗೆ ಬುಧವಾರವೇ ಫೋನ್ ಮಾಡಿ ಮೂರು ಶೆಡ್ಡಿನ ಮಕ್ಕಳನ್ನು ಒಂದು ಕಡೆ ಸೇರಿಸುವುದು ರೂಢಿಯಾದ ಮೇಲೆ ಆ ಪೇಚು ಕಮ್ಮಿಯಾಯಿತು.

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾತ್ರ ಇನ್ನೂ ಕುಂಟುತ್ತಿದೆ. ಸ್ತನ, ಬಾಯಿ ತಪಾಸಣೆಗೆ ಒಪ್ಪುವವರು ಇದಕ್ಕೆ ‘ಇನ್ನೊಂದ್ ಸಲ ನೋಡೋಣ ಸಿಸ್ಟರ್’ ಅಂತಾರೆ. ಸ್ವಸಹಾಯ ಸಂಘದ ಒಬ್ಬ ಹಿರಿಯರು ಮಾಡಿಸಿಕೊಂಡು ಹೋಗಿ ಸಂಘದ ಸಭೆಯಲ್ಲಿ ‘ಎರಡು ನಿಮಿಷ, ನೋವಿಲ್ಲ’ ಅಂದ ಮೇಲೆ ಕೆಲವರು ಬಂದರು. ನನ್ನ ಭಾಷಣಗಳಿಗಿಂತ ಆ ಎರಡು ಮಾತು ಹೆಚ್ಚು ಜನರನ್ನು ಕರೆತಂದಿತು.

ಕಟ್ಟಡದ ವಿಷಯ ಬಹಳ ಜನ ಕೇಳುತ್ತಾರೆ. 15ನೇ ಹಣಕಾಸು ಆಯೋಗದಲ್ಲಿ ಉಪಕೇಂದ್ರಗಳ ಕಟ್ಟಡಕ್ಕೆ ದುಡ್ಡಿತ್ತು, ನಮ್ಮಲ್ಲಿ ಜಾಗಕ್ಕೇ ತಕರಾರು. ಕಾರ್ಖಾನೆ ಬಂದ ಮೇಲೆ ಗುಂಟೆ ಜಾಗವನ್ನೂ ಯಾರೂ ಬಿಡುವುದಿಲ್ಲ. ಈಗಲೂ ಹಳೇ ಕಟ್ಟಡದಲ್ಲೇ ಇದ್ದೇವೆ.

ಸದ್ಯ ಸಮಿತಿಯ ಮುಂದಿರುವುದು ಉಪಕೇಂದ್ರವನ್ನು ಎರಡು ಮಾಡಿ, ಹೆದ್ದಾರಿಯ ಆ ಬದಿಗೆ ಇನ್ನೊಂದು ಕೊಡಿ ಅನ್ನುವ ಠರಾವು. ಬೆಂಗಳೂರು–ಚೆನ್ನೈ ರಸ್ತೆ ದಾಟಿ ಬರಲು ಬಸುರಿಯರು ಹೆದರುತ್ತಾರೆ, ಸರ್ವಿಸ್ ರಸ್ತೆಯಲ್ಲಿ ಸುತ್ತಿ ಬಂದರೆ ಆಟೋಗೆ ದುಡ್ಡು. ಅದಕ್ಕೆ ಲಗತ್ತಿಸಲು ಪಿಜಿ ಪಟ್ಟಿಯನ್ನು ಮತ್ತೆ ಹೊಸದಾಗಿ ಮಾಡುತ್ತಿದ್ದೇವೆ, ಹೋದ ವರ್ಷದ್ದು ಆಗಲೇ ಹಳತಾಗಿದೆ. ಆ ಬದಿಯ ಎರಡು ಬೀದಿಗಳ ಎಣಿಕೆ ಬಾಕಿ ಇದೆ, ಅಲ್ಲಿನ ಮಾಲೀಕರು ಭಾನುವಾರ ಮಾತ್ರ ಸಿಗುತ್ತಾರಂತೆ.