ಕಮಾನಿನ ಪಡಸಾಲೆಗೆ ಸಿಮೆಂಟ್ ಬೇಡ
ವಿಜಯಪುರದ ನಮ್ಮ ಅಜ್ಜನ ಮನೆ ಮುಂದೆ ಮೂರು ಕಲ್ಲಿನ ಕಮಾನುಗಳಿವೆ. ಬಿರುಕಿಗೆ ಸಿಮೆಂಟ್ ಮೆತ್ತಿಸಿ ನಾನು ಕೆಟ್ಟೆ. ಒಳಗಿನ ತೇವಕ್ಕೆ ಹೊರಬರುವ ದಾರಿ ಸಿಗದೆ, ಉಪ್ಪು ಕಟ್ಟಿ, ಕಲ್ಲಿನ ಮೈ ಪುಡಿಯಾಗಿ ಉದುರಿತು. 1656ರ ಗೋಳಗುಮ್ಮಟ ನಿಂತಿರುವುದೂ ಸುಣ್ಣದ ಗಾರೆಯಲ್ಲೇ ಅಲ್ವಾ, ಆಗ ಹೊಳೆಯಲಿಲ್ಲ.

ಮೊದಲು ಮಾಳಿಗೆ ಹತ್ತಿ ನೋಡಿ. ಮಳೆನೀರು ಸೋರುವ ಜಾಗ ಮುಚ್ಚದೆ ಗೋಡೆ ಮುಟ್ಟಿದರೆ ದುಡ್ಡು ದಂಡ. ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ. ಕಮಾನಿನ ಕಲ್ಲು ಸಡಿಲಾಗಿದ್ದರೆ ಕೆಳಗೆ ಮರದ ಆಸರೆ ಕೊಡದೆ ಕೈ ಹಾಕಲೇಬೇಡಿ. ನಡುಗಲ್ಲು ಜಾರಿದರೆ ಉಳಿದವೂ ಬೀಳುತ್ತವೆ.

ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು. ಮೆತ್ತಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬೇಡ, ಗಾರೆ ಬಿರಿಯುತ್ತದೆ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ.