ಬ್ಯಾಟರಿ ಬದಲಿಸುವ ಮೊದಲು ಆಲ್ಟರ್ನೇಟರ್ ನೋಡಿ

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದರೆ ಕೊಡಗಿನ ನಾಪೋಕ್ಲು, ಭಾಗಮಂಡಲದ ಕಡೆ ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಗಾಡಿ ಓಡಿಸಬೇಕು. ಜೊತೆಗೆ ವೈಪರ್, ಗಾಜಿನ ಮಂಜು ತೆಗೆಯಲು ಬ್ಲೋವರ್, ಫಾಗ್ ಲ್ಯಾಂಪ್. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್, ಹಲವರ ಬಾಯಲ್ಲಿ ಡೈನಮೋ. ಬೇಸಿಗೆಯಲ್ಲಿ ಹೇಗೋ ತಳ್ಳಿಕೊಂಡು ಬಂದ ಅರೆಜೀವದ ಆಲ್ಟರ್ನೇಟರ್ ಈಗ ಕೈಕೊಡುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ಬ್ಯಾಟರಿ ಹೋಯ್ತು ಅಂತ ಹೊಸದು ಹಾಕಿಸುತ್ತೀರಿ, ಸ್ವಲ್ಪ ದಿನಕ್ಕೆ ಅದೂ ಮಲಗುತ್ತದೆ. ಅಂಗಡಿಯವರಿಗೆ ಬೈಯುವ ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಿರಿ. 12.6 ಇದ್ದರೆ ಫುಲ್ ಚಾರ್ಜ್. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜರಿಗೆ ಹಾಕಿ, ಸತ್ತ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಪರೀಕ್ಷೆ ಮಾಡಬೇಡಿ. ಟರ್ಮಿನಲ್ ಮೇಲೆ ಹಸಿರು ಹೂವು ಕೂತಿದ್ದರೆ ಅದನ್ನೂ ಈಗಲೇ ಉಜ್ಜಿ ತೆಗೆಯಿರಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು 1,500ರಿಂದ 2,000 ಆರ್‌ಪಿಎಂನಲ್ಲಿ ನೋಡಿ. 13.8ರಿಂದ 14.5ರ ಒಳಗೆ ಬರಬೇಕು. ಆಮೇಲೆ ಲೈಟು, ಬ್ಲೋವರ್, ವೈಪರ್ ಎಲ್ಲ ಹಾಕಿ. ಸ್ವಲ್ಪ ಇಳಿಯುವುದು ಸಹಜ, ಆದರೆ 13ರ ಕೆಳಗೆ ಹೋಯಿತು ಅಂದರೆ ಆಲ್ಟರ್ನೇಟರಿಗೆ ಭಾರ ಹೊರಲು ಆಗುತ್ತಿಲ್ಲ. ಎಂಜಿನ್ ಓಡುತ್ತಿದ್ದರೂ ಮೀಟರ್ 12.4ರಲ್ಲೇ ನಿಂತಿದ್ದರೆ ಚಾರ್ಜೇ ಇಲ್ಲ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹಿಡಿತ ಬಿಟ್ಟಿದೆ. ಆಗ ಬ್ಯಾಟರಿ ಬಿಸಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬುಗಳು ಒಂದಾದ ಮೇಲೊಂದು ಹೋಗುತ್ತವೆ. ಹಾಗೇ ಓಡಿಸಬೇಡಿ.

ಒಂದು ಮಾತು. ಹೊಸ ಗಾಡಿಗಳಲ್ಲಿ, ಮಾರುತಿಯ ಎಸ್‌ಎಚ್‌ವಿಎಸ್ (ಸ್ಮಾರ್ಟ್ ಹೈಬ್ರಿಡ್) ಥರದವುಗಳಲ್ಲಿ, ಎಷ್ಟು ಚಾರ್ಜ್ ಆಗಬೇಕು ಅಂತ ಕಂಪ್ಯೂಟರ್ರೇ ತೀರ್ಮಾನಿಸುತ್ತದೆ. ವೋಲ್ಟೇಜ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಲ್ಲಿ ಒಂದೇ ರೀಡಿಂಗ್ ನೋಡಿ ಆಲ್ಟರ್ನೇಟರ್ ಬಿಚ್ಚಿಸಬೇಡಿ.

ಚಾರ್ಜ್ ಇಲ್ಲ ಅಂತ ಗೊತ್ತಾದ ಮೇಲೆ ಮೊದಲು ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ನೋಡಿ. ಒದ್ದೆಯಾದಾಗ ಕಿರುಚುತ್ತಿದ್ದರೆ ಸಡಿಲವಾಗಿದೆ ಅಥವಾ ಸವೆದು ನುಣುಪಾಗಿದೆ. ಎಂಜಿನ್ ಆಫ್ ಮಾಡಿಯೇ ಮುಟ್ಟಿ ನೋಡಿ. ನಂತರ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ: ಕೀ ತಿರುಗಿಸಿದಾಗ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಖುಷಿಪಡಬೇಡಿ. ಹಳೆಯ ಗಾಡಿಗಳಲ್ಲಿ ಆ ಬಲ್ಬಿನ ಮೂಲಕ ಹೋಗುವ ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರವಾಗುವುದು, ಬಲ್ಬ್ ಹೋದರೆ ಚಾರ್ಜೂ ಹೋಯಿತು. ಆ ಬಲ್ಬಿನಿಂದ ಆಲ್ಟರ್ನೇಟರಿಗೆ ಹೋಗುವ ತೆಳು ವೈರನ್ನು ಇಲಿ ಕಡಿದಿರುವುದೂ ಉಂಟು. ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಷ್ಟೂ ಸರಿಯಿದ್ದರೆ ಎಂಜಿನ್ ಓಡುವಾಗ, ಲೈಟು ಹಾಕಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿ ಪ್ಲಸ್ಸಿಗೂ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ತಪ್ಪು ಆಲ್ಟರ್ನೇಟರಿನದಲ್ಲ, ದಾರಿಯಲ್ಲಿರುವ ವೈರು ಅಥವಾ ಜಾಯಿಂಟಿನದು. ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ಮೈನಸ್ಸಿಗೂ ಹೀಗೇ ನೋಡಿ. ತೋಳು, ಶಾಲು ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ. ರೆಗ್ಯುಲೇಟರ್ ಬೇರೆಯಾಗಿ ಕೂತಿರುವ ಹಳೇ ಜೀಪಿನಲ್ಲಿ ಅದರ ಅರ್ಥಿಂಗ್ ಜಾಯಿಂಟ್ ತುಕ್ಕು ಹಿಡಿದರೆ, ಬ್ಯಾಟರಿ ಇಳಿದಿದೆ ಅಂತ ಅದು ತಪ್ಪು ತಿಳಿದು ಓವರ್‌ಚಾರ್ಜ್ ಮಾಡುತ್ತದೆ. ಅಲ್ಲಿ ಹೊಸ ರೆಗ್ಯುಲೇಟರ್ ಬೇಡ, ಉಪ್ಪುಕಾಗದ ಸಾಕು.

ಹಗಲು ಚಾರ್ಜ್ ಸರಿ, ರಾತ್ರಿ ಮಾತ್ರ ಬ್ಯಾಟರಿ ಖಾಲಿ ಅನ್ನುವವರು ಆಲ್ಟರ್ನೇಟರಿನೊಳಗಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಮೇಲೆ ಸಂಶಯ ಪಡಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೂ ಆಲ್ಟರ್ನೇಟರಿನ ಹಿಂಬದಿ ಬೆಚ್ಚಗಿದ್ದರೆ ಹೆಚ್ಚುಕಮ್ಮಿ ಖಾತ್ರಿ. ಒಳ್ಳೆಯ ಮೀಟರ್ ಇದ್ದರೆ ಎಂಜಿನ್ ಓಡುವಾಗ ಅದನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಮೇಲೆ ಹಿಡಿಯಿರಿ, 0.5 ವೋಲ್ಟ್ ಎಸಿ ಬಂದರೆ ಡಯೋಡ್ ಹೋಗಿದೆ. ಅಗ್ಗದ ಮೀಟರುಗಳು ಇದರಲ್ಲಿ ಸುಮ್ನೆ ಏನೇನೋ ತೋರಿಸುತ್ತವೆ, ನಂಬಬೇಡಿ.

ಡೀಸೆಲ್ ಜೀಪು, ಪಿಕಪ್ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಿ. ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂದೆಯೇ ಇರುತ್ತದೆ. ಬೆಲ್ಟ್ ತುಂಡಾದರೆ ಹೋಗುವುದು ಬರೀ ಚಾರ್ಜಲ್ಲ, ಎರಡು ಮೂರು ಸಲ ಬ್ರೇಕ್ ತುಳಿಯುವುದರೊಳಗೆ ಪೆಡಲ್ ಕಲ್ಲಾಗುತ್ತದೆ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟ ಇಳಿಯುವಾಗಲೋ ಬ್ಯಾಟರಿ ದೀಪ ಹತ್ತಿತು ಅಂದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ಕೆಳಗಿನ ಗೇರಿಗೆ ಹಾಕಿ, ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಪಂಪಿನ ಸೀಲ್ ಹೋದರೆ ಎಣ್ಣೆ ಆಲ್ಟರ್ನೇಟರಿನ ಒಳಗಿಳಿದು ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಹಾಳಾಗುತ್ತದೆ. ಸೀಲ್ ಬಿಟ್ಟು ಬರೀ ಬ್ರಷ್ ಹಾಕಿಸಿದರೆ ಮತ್ತೆ ಅದೇ ಕತೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು 'ನೋಡಿ, ಆಫ್ ಆಗಲಿಲ್ಲ, ಡೈನಮೋ ಸರಿಯಿದೆ' ಅನ್ನುವವರು ಇನ್ನೂ ಇದ್ದಾರೆ. ನಿಮ್ಮ ಗಾಡಿಯ ಹತ್ತಿರ ಬಿಡಬೇಡಿ. ಕಿತ್ತ ಕ್ಷಣ ವೋಲ್ಟೇಜ್ ಹಾರಿ ಡಯೋಡ್, ಇಸಿಯು (ಎಂಜಿನ್ ಕಂಪ್ಯೂಟರ್) ಎಲ್ಲ ಸುಡಬಹುದು.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವಾಗ ರೀಡಿಂಗುಗಳನ್ನು ಬರೆದುಕೊಂಡು ಹೋಗಿ. ಹೊಸ ಆಲ್ಟರ್ನೇಟರ್ ಅನ್ನುವ ಮೊದಲು ರೆಗ್ಯುಲೇಟರ್, ಕಾರ್ಬನ್ ಬ್ರಷ್ ನೋಡಿದಿರಾ ಅಂತ ಕೇಳಿ, ಎಷ್ಟೋ ಗಾಡಿಗಳಲ್ಲಿ ಅವೆರಡೂ ಒಂದೇ ಸೆಟ್ಟಾಗಿ ಸಿಗುತ್ತವೆ. ರಿಪೇರಿ ಆದ ಮೇಲೆ ಅಲ್ಲೇ ಎಲ್ಲ ಲೈಟು ಹಾಕಿಸಿ ಇನ್ನೊಮ್ಮೆ ಅಳೆದು, ಆಮೇಲೆ ದುಡ್ಡು ಕೊಡಿ.